ಬಿಸಿಲು ತೋರಿಸಿ ಚಳಿಗಾಲ ಮಾರಿದ ಊರು

“ಸ್ಕೀಯಿಂಗೇ ಬರಲ್ಲ ಅಂದ್ಮೇಲೆ ಸೇಂಟ್ ಮೊರಿಟ್ಸ್‌ಗೆ ಹೋಗಿ ಏನು ಮಾಡ್ತೀರಿ?”

ಜ್ಯೂರಿಕ್‌ನಲ್ಲಿ ನನಗೆ ಗೊತ್ತಿರುವ ಕನ್ನಡದವರೆಲ್ಲ ಕೇಳಿದ್ದು ಇದೊಂದೇ ಪ್ರಶ್ನೆ. ಕೇಳಿದ್ದರಲ್ಲಿ ತಪ್ಪೇನಿಲ್ಲ ಬಿಡಿ. ನನಗೆ ಸ್ಕೀಯಿಂಗ್ ಬರಲ್ಲ. ಜೊತೆಗೆ ಹೊರಟಿದ್ದ ಅಮ್ಮನಿಗೆ 63 ವರ್ಷ, ಎಡ ಮೊಣಕಾಲು ನೋವು. ತೀರ್ಥಹಳ್ಳಿ ಹತ್ತಿರದ ತೋಟದಲ್ಲಿ ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿಸಿ ಜನವರಿ ಕೊನೆಗೆ ಆರು ವಾರದ ಮಟ್ಟಿಗೆ ನನ್ನ ಹತ್ತಿರ ಬಂದಿದ್ದಳು. ಅವಳ ಆಸೆ ಒಂದೇ: ಹಿಮ ನೋಡಬೇಕು, ಮುಟ್ಟಬೇಕು. “ಅದಕ್ಕೆ ಅಷ್ಟು ದೊಡ್ಡ ಸಾಹುಕಾರರ ಊರೇ ಆಗ್ಬೇಕಾ?” ಅಂತ ಅವಳೂ ಕೇಳಿದಳು.

ಆಗಬೇಕು ಅಂತ ನನಗೆ ಅನ್ನಿಸಿದ್ದಕ್ಕೆ ಒಂದು ಕಾರಣ ಇತ್ತು. ಚಳಿಗಾಲದಲ್ಲಿ ರಜೆ ಹಾಕಿ ಬೆಟ್ಟಕ್ಕೆ ಹೋಗುವ ರೂಢಿ ಶುರುವಾದ ಮೊದಲ ಊರುಗಳಲ್ಲಿ ಇದೂ ಒಂದು. ಆ ಕಾಲದಲ್ಲಿ ಇಲ್ಲಿಗೆ ಬಂದ ಪ್ರವಾಸಿಗಳಿಗೂ ಸ್ಕೀಯಿಂಗ್ ಬರುತ್ತಿರಲಿಲ್ಲ!

ರೈಲೇ ಅರ್ಧ ಪ್ರವಾಸ

ಜ್ಯೂರಿಕ್‌ನಿಂದ ಕೂರ್ ಎಂಬ ಊರಿಗೆ ದೊಡ್ಡ ರೈಲು. ಅಲ್ಲಿ ಇಳಿದು ಕೆಂಪು ಬಣ್ಣದ ಚಿಕ್ಕ ರೈಲು ಹತ್ತಬೇಕು. ಅಲ್ಲಿಂದ ಸೇಂಟ್ ಮೊರಿಟ್ಸ್‌ಗೆ ಸುಮಾರು ಎರಡು ಗಂಟೆ. ಇದು ಮೀಟರ್ ಗೇಜ್ ಹಳಿ. ಅಲ್ಬುಲಾ ಮಾರ್ಗ ಅಂತ ಇದರ ಹೆಸರು, 1904ರಲ್ಲಿ ಸೇಂಟ್ ಮೊರಿಟ್ಸ್ ತಲುಪಿತು. 2008ರಲ್ಲಿ ಯುನೆಸ್ಕೋ ಇದನ್ನೂ ಮುಂದಿನ ಬರ್ನೀನಾ ಮಾರ್ಗವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಫೋಟೋಗಳಲ್ಲಿ ನೀವು ನೋಡಿರುವ ಲಾಂಡ್‌ವಾಸರ್ ಸೇತುವೆ ಬರೋದು ಇದೇ ದಾರಿಯಲ್ಲಿ. 65 ಮೀಟರ್ ಎತ್ತರದ ಕಲ್ಲಿನ ಕಂಬಗಳ ಮೇಲೆ ರೈಲು ಬಿಲ್ಲಿನಂತೆ ಬಾಗಿ ಸೀದಾ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತೆ. ಆದರೆ ಅಮ್ಮನಿಗೆ ಹಿಡಿಸಿದ್ದು ಅದಲ್ಲ, ಅದರ ನಂತರದ ಬೆರ್ಗ್ಯೂನ್ ಮತ್ತು ಪ್ರೇದಾ ನಡುವಿನ ದಾರಿ. ಎರಡು ಊರಿನ ನಡುವೆ 400 ಮೀಟರ್‌ಗೂ ಹೆಚ್ಚು ಏರು. ರೈಲು ಅಷ್ಟನ್ನು ಒಂದೇ ಉಸಿರಿಗೆ ಹತ್ತಲಾರದು. ಅದಕ್ಕೆ ಬೆಟ್ಟದ ಹೊಟ್ಟೆಯೊಳಗೆ ಸುರುಳಿ ಸುತ್ತುವ ಸುರಂಗ ಕೊರೆದು, ಹಳಿಯನ್ನು ಸುತ್ತಿಸಿ ಸುತ್ತಿಸಿ ಮೇಲೆ ತಂದಿದ್ದಾರೆ. ಬೆರ್ಗ್ಯೂನ್‌ನ ಚರ್ಚಿನ ಗೋಪುರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಸಲವೂ ಇನ್ನಷ್ಟು ಕೆಳಗೆ ಕಾಣುತ್ತೆ. “ಆಗುಂಬೆ ಘಾಟಿಯನ್ನೇ ಬೆಟ್ಟದ ಒಳಗೆ ಮಾಡಿಟ್ಟಿದಾರೆ” ಅಂದಳು ಅಮ್ಮ.

ರೈಲಿನ ಹುಚ್ಚಿರುವವರಿಗೆ ಇನ್ನೊಂದು ವಿಷಯ. ಊಟಿ ರೈಲಿನ ಪ್ರಸಿದ್ಧ ಉಗಿ ಎಂಜಿನ್‌ಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದವು. ಊಟಿಯ ದಾರಿಯಲ್ಲಿ ಏರಿಗೆ ಹಲ್ಲಿನ ಹಳಿ ಬೇಕು. ಇಲ್ಲಿ ಅದಿಲ್ಲ. ಬರ್ನೀನಾ ಮಾರ್ಗದಲ್ಲಿ ನೂರು ಮೀಟರಿಗೆ ಏಳು ಮೀಟರಿನಷ್ಟು ಏರನ್ನೂ ಚಕ್ರದ ಹಿಡಿತದಲ್ಲೇ ಹತ್ತುತ್ತವೆ.

ಕೊನೆಯ ಉದ್ದನೆಯ ಸುರಂಗ ದಾಟಿದ್ದೇ ತಡ, ಕಣ್ಣು ಕೋರೈಸುವ ಬಿಸಿಲು. ಜ್ಯೂರಿಕ್ ಬಿಡುವಾಗ ಮಂಜು ಕವಿದು ಎದುರಿನ ಕಟ್ಟಡ ಸರಿಯಾಗಿ ಕಾಣುತ್ತಿರಲಿಲ್ಲ. ಇಲ್ಲಿ ನೋಡಿದರೆ ಆಕಾಶ ತೊಳೆದಿಟ್ಟ ಹಾಗೆ ನೀಲಿ. ಚಳಿಗಾಲದಲ್ಲಿ ತಣ್ಣನೆಯ ಮಂಜು ತಗ್ಗಿನ ಊರುಗಳ ಮೇಲೆ ಕಂಬಳಿಯಂತೆ ಕೂತಿರುತ್ತೆ. ಎಂಗಡೀನ್ ಕಣಿವೆ ಆ ಕಂಬಳಿಗಿಂತ ಮೇಲಿದೆ. ಸೇಂಟ್ ಮೊರಿಟ್ಸ್ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪವೇ ಕೆಳಗೆ. ಆದರೆ ಇಲ್ಲಿ ಆ ಎತ್ತರದಲ್ಲಿರೋದು ಕಣಿವೆಯ ತಳ!

ಒಂದು ಪಂದ್ಯದ ಕಥೆ

ಈ ಬಿಸಿಲಿನ ಮೇಲೇ ಊರಿನ ಅದೃಷ್ಟ ನಿಂತಿದ್ದು. ಮೊದಲು ಸೇಂಟ್ ಮೊರಿಟ್ಸ್‌ಗೆ ಜನ ಬರುತ್ತಿದ್ದದ್ದು ಬೇಸಿಗೆಯಲ್ಲಿ, ಕಬ್ಬಿಣದ ಅಂಶವಿರುವ ಬುಗ್ಗೆಯ ನೀರು ಕುಡಿಯಲು. ಆ ಬುಗ್ಗೆ ಎಷ್ಟು ಹಳೆಯದು ಅಂದರೆ, ಅದಕ್ಕೆ ಕಂಚಿನ ಯುಗದ ಜನ ಮರದ ದಿಮ್ಮಿಯ ಕಟ್ಟೆ ಕಟ್ಟಿದ್ದರು. ಮರದ ಉಂಗುರ ಎಣಿಸಿ ಅದು ಕ್ರಿಸ್ತಪೂರ್ವ 1411ರದ್ದು ಅಂತ ಲೆಕ್ಕ ಹಾಕಿದ್ದಾರೆ. ಬೇಸಿಗೆ ಮುಗಿಯಿತೋ, ಹೋಟೆಲಿಗೆ ಬೀಗ.

1864ರಲ್ಲಿ ಆದದ್ದು ಎಂದು ಊರು ಹೇಳಿಕೊಂಡು ಬಂದ ಕಥೆ ಹೀಗಿದೆ. ಕುಲ್ಮ್ ಹೋಟೆಲಿನ ಯಜಮಾನ ಯೊಹಾನೆಸ್ ಬಾಡ್ರುಟ್, ಬೇಸಿಗೆ ಮುಗಿಸಿ ಹೊರಟಿದ್ದ ಕೆಲವು ಇಂಗ್ಲಿಷ್ ಅತಿಥಿಗಳ ಹತ್ತಿರ ಪಂದ್ಯ ಕಟ್ಟಿದ. ಚಳಿಗಾಲದಲ್ಲಿ ಬನ್ನಿ, ಇಲ್ಲಿ ಬರೀ ಅಂಗಿಯಲ್ಲಿ ಬಿಸಿಲು ಕಾಯಿಸಬಹುದು. ನನ್ನ ಮಾತು ಸುಳ್ಳಾದರೆ ನಿಮ್ಮ ಪ್ರಯಾಣದ ಖರ್ಚು ನನ್ನದು. ಇಂಗ್ಲೆಂಡಿನ ಕಪ್ಪು ಚಳಿಗಾಲ ಬಿಟ್ಟರೆ ಬೇರೆ ಗೊತ್ತಿಲ್ಲದ ಅವರು ನಂಬದೆಯೇ ಒಪ್ಪಿದರು. ಕ್ರಿಸ್‌ಮಸ್ ಹೊತ್ತಿಗೆ ಬಂದವರು ಈಸ್ಟರ್‌ವರೆಗೂ ಹೋಗಲಿಲ್ಲವಂತೆ. ಮೈಯೆಲ್ಲ ಕಂದುಬಣ್ಣಕ್ಕೆ ತಿರುಗಿಸಿಕೊಂಡು ಲಂಡನ್ನಿಗೆ ವಾಪಸಾದ ಅವರೇ ಜಾಹೀರಾತಾದರು.

ಕಥೆಗೆ ಉಪ್ಪುಖಾರ ಸೇರಿರಬಹುದು. ಬಾಡ್ರುಟ್ ಮಾತ್ರ ಜಾಣ, ಅನುಮಾನವಿಲ್ಲ. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ವಿದ್ಯುತ್ ದೀಪ ನೋಡಿ ಬಂದು, ಸ್ವಿಟ್ಜರ್ಲೆಂಡಿನಲ್ಲೇ ಮೊದಲ ಬಾರಿಗೆ ತನ್ನ ಹೋಟೆಲಿನಲ್ಲಿ ಅದನ್ನು ಬೆಳಗಿಸಿದ.

ಬಂದ ಅತಿಥಿಗಳು ದಿನವಿಡೀ ಏನು ಮಾಡೋದು? ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ಕೇಟಿಂಗ್ ಮಾಡಿದರು. ಕಲ್ಲು ಜಾರಿಸುವ ಕರ್ಲಿಂಗ್ ಆಡಿದರು. ಊರ ಜನ ಸಾಮಾನು ಸಾಗಿಸುತ್ತಿದ್ದ ಜಾರುಬಂಡಿಗಳನ್ನು ಇಸಿದುಕೊಂಡು ಬೀದಿಯಲ್ಲಿ ಜಾರತೊಡಗಿದರು. ದಾರಿಹೋಕರಿಗೆ ಡಿಕ್ಕಿ ಹೊಡೆದು ರಗಳೆಯಾದಾಗ ಅವರಿಗೇ ಅಂತ ಬೇರೆ ಓಟದ ದಾರಿಗಳಾದವು. 1884-85ರ ಚಳಿಗಾಲದ ಕ್ರೆಸ್ಟಾ ರನ್ ಅಂಥದ್ದು. ತಲೆ ಮುಂದೆ ಮಾಡಿ, ಹೊಟ್ಟೆಯ ಮೇಲೆ ಮಲಗಿ, ಐಸಿನ ಕಾಲುವೆಯಲ್ಲಿ ಜಾರುವ ಆಟ. 1929ರಲ್ಲಿ ಹೆಂಗಸರಿಗೆ ಅಲ್ಲಿ ನಿಷೇಧ ಹಾಕಿದರು, ಅದು ತೆರವಾದದ್ದು 2018ರಲ್ಲಿ. “ಅಷ್ಟು ವರ್ಷ ಹೆಂಗಸರು ಬದುಕಿಕೊಂಡ್ರು ಅನ್ನು” ಅಂತ ನಕ್ಕಳು ಅಮ್ಮ.

ಪಕ್ಕದಲ್ಲೇ ಬಾಬ್‌ಸ್ಲೆಡ್ ಓಟದ ದಾರಿ ಇದೆ. 1904ರಿಂದ ಇರುವ ಇದು 1,700 ಮೀಟರ್‌ಗೂ ಉದ್ದ. ಪ್ರತಿ ವರ್ಷ ಇಟಲಿಯ ದಕ್ಷಿಣ ಟಿರೋಲ್‌ನಿಂದ ಕೆಲಸಗಾರರು ಬಂದು, ಹಿಮ ಮತ್ತು ನೀರು ಕಲಸಿ, ಗೋಡೆ ಕಟ್ಟುವ ಹಾಗೆ ಕೈಯಲ್ಲೇ ಕಟ್ಟುತ್ತಾರೆ. ವಸಂತದಲ್ಲಿ ಅದು ಕರಗಿ ಹೋಗುತ್ತೆ, ಮುಂದಿನ ವರ್ಷ ಮತ್ತೆ ಮೊದಲಿನಿಂದ. ಬೇರೆ ಕಡೆ ಕಾಂಕ್ರೀಟ್ ಹಾಕಿ ಯಂತ್ರದಿಂದ ತಂಪು ಮಾಡುತ್ತಾರೆ. ಕಾಂಕ್ರೀಟಿಲ್ಲದೆ ಸಹಜ ಐಸಿನಲ್ಲಿ ಓಡುವ ಬಾಬ್ ದಾರಿ ಜಗತ್ತಿನಲ್ಲಿ ಉಳಿದಿರೋದು ಇದೊಂದೇ.

ಕೆರೆಯ ಮೇಲೆ ಕುದುರೆ

ನಾವು ಹೋಗಿದ್ದು ಫೆಬ್ರವರಿಯ ಒಂದು ಭಾನುವಾರ. ಆ ತಿಂಗಳ ಮೂರು ಭಾನುವಾರ ಹೆಪ್ಪುಗಟ್ಟಿದ ಕೆರೆಯ ಮೇಲೆ ಕುದುರೆ ರೇಸ್ ಇರುತ್ತೆ. ವೈಟ್ ಟರ್ಫ್ ಅಂತಾರೆ, 1907ರಿಂದ ನಡೆದು ಬಂದಿದೆ. ಕೆರೆಯ ಮೇಲೆ ಪೆಂಡಾಲು, ಗ್ಯಾಲರಿ, ಬ್ಯಾಂಡ್, ಬಾಜಿ ಕಟ್ಟುವ ಕೌಂಟರು, ಉಣ್ಣೆಯ ಕೋಟಿನ ಹೆಂಗಸರು, ಅವರ ಕೋಟಿನಷ್ಟೇ ಬೆಲೆಬಾಳುವ ನಾಯಿಗಳು.

ಅಮ್ಮ ದಡದಲ್ಲೇ ನಿಂತಳು. “ಇದರ ಕೆಳಗೆ ನೀರಿದೆ ತಾನೇ?”

“ಇದೆ ಅಮ್ಮ.”

“ಎಷ್ಟು ಆಳ?”

“ಕೆರೆಯಷ್ಟು.”

“ಹಂಗಾದ್ರೆ ನೀನು ಮುಂದೆ ಹೋಗು, ನಾನು ನೋಡಿ ಬರ್ತೀನಿ.”

ಐಸಿನ ದಪ್ಪ ಅಳೆದು, ಗಟ್ಟಿಯಿದೆ ಅಂತ ಖಾತ್ರಿಯಾದ ಮೇಲೇ ಕೆರೆಯನ್ನು ಜನರಿಗೆ ಬಿಡುತ್ತಾರೆ ಅಂತ ಬೋರ್ಡ್ ತೋರಿಸಿದ ಮೇಲೆ ಕಾಲಿಟ್ಟಳು. ಅರ್ಧ ಗಂಟೆಯಲ್ಲಿ ಕುದುರೆಗಳಿಗಿಂತ ಜೋರಾಗಿ ಕೂಗುತ್ತಿದ್ದಳು. ಅವಳಿಗೆ ಹುಚ್ಚು ಹಿಡಿಸಿದ್ದು ಸ್ಕೀಜೋರಿಂಗ್: ಸವಾರನಿಲ್ಲದ ರೇಸ್ ಕುದುರೆ, ಅದರ ಹಿಂದೆ ಲಗಾಮು ಹಿಡಿದು ಸ್ಕೀ ಮೇಲೆ ಎಳೆಸಿಕೊಂಡು ಹೋಗುವ ಮನುಷ್ಯ, ಮುಖಕ್ಕೆಲ್ಲ ಹಿಮದ ಪುಡಿ. “ಇದು ಕಂಬಳ ಅಲ್ವನೇ! ಕೆಸರಿನ ಬದಲು ಸ್ನೋ, ಕೋಣದ ಬದಲು ಕುದುರೆ, ಅಷ್ಟೇ.” ಒಲಿಂಪಿಕ್ಸ್‌ನಲ್ಲೂ ಒಮ್ಮೆ ಈ ಆಟ ಪ್ರದರ್ಶನಕ್ಕಿತ್ತು, ಇದೇ ಊರಿನಲ್ಲಿ, 1928ರಲ್ಲಿ.

ಇದೇ ಕೆರೆಯ ಮೇಲೆ 1985ರಿಂದ ಪೋಲೋ ಕೂಡ ಆಡುತ್ತಾರೆ. ಬ್ರಿಟಿಷರು ಪೋಲೋ ಕಲಿತದ್ದು ನಮ್ಮ ಮಣಿಪುರದವರಿಂದ. ಅಲ್ಲಿಂದ ಹೊರಟ ಆಟ ಆಲ್ಪ್ಸ್‌ನ ಐಸಿಗೆ ಬಂದು ಸೇರಿದೆ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಮೇಲಿನ ಬೀದಿಯಲ್ಲಿ ಅಂಗಡಿಯ ಗಾಜಿನೊಳಗೆ ಇಟ್ಟ ವಾಚಿಗೆ ಬೆಲೆ ಚೀಟಿಯೇ ಇರಲಿಲ್ಲ. 1896ರಲ್ಲಿ ತೆರೆದ ಬಾಡ್ರುಟ್ಸ್ ಪ್ಯಾಲೇಸ್ ಹೋಟೆಲಿನ ಗೋಪುರ ಕೆರೆಯಿಂದಲೇ ಕಾಣುತ್ತೆ. ಅಂಬಾನಿ ಮನೆಯವರು 2019ರ ಫೆಬ್ರವರಿಯಲ್ಲಿ ಮಗನ ಮದುವೆಗೆ ಮುಂಚಿನ ಸಂಭ್ರಮ ಇಟ್ಟುಕೊಂಡದ್ದು ಇದೇ ಊರಿನಲ್ಲಿ. ನಾವಿಬ್ಬರು ಕುಡಿದ ಎರಡು ಟೀಗೆ ಎಷ್ಟಾಯಿತು ಅಂತ ಅಮ್ಮನಿಗೆ ರೂಪಾಯಿಯಲ್ಲಿ ಹೇಳಲಿಲ್ಲ. ಅವಳೇ ಲೆಕ್ಕ ಹಾಕಿದಳು. ಆಮೇಲೆ ಮೂರೂ ದಿನ ಫ್ಲಾಸ್ಕ್ ಹಿಡಿದೇ ಓಡಾಡಿದಳು.

ಊರ ಮಾತು, ಊರ ಮನೆ

ಉಳಿದುಕೊಂಡಿದ್ದು ಸೇಂಟ್ ಮೊರಿಟ್ಸ್‌ನಲ್ಲಲ್ಲ, ಎರಡು ಸ್ಟೇಷನ್ ಆಚೆಗಿನ ಸಮೇದನ್ ಎಂಬ ಹಳ್ಳಿಯಲ್ಲಿ. ಅಡುಗೆಮನೆ ಇರುವ ಒಂದು ಪುಟ್ಟ ಬಾಡಿಗೆ ಮನೆ. ಮೊಳಗಟ್ಟಲೆ ದಪ್ಪದ ಗೋಡೆ, ಅದರೊಳಗೆ ಗೂಡಿನಂಥ ಕಿಟಕಿ, ಹೊರಗಡೆ ಸುಣ್ಣದ ಗಾರೆಯನ್ನು ಕೆರೆದು ಬಿಡಿಸಿದ ಹೂಬಳ್ಳಿ. ಕಣಿವೆಯ ಹಳೇ ಮನೆಗಳೆಲ್ಲ ಹೀಗೇ.

ಮನೆಯ ಒಡತಿ ಎಪ್ಪತ್ತು ದಾಟಿದ ಅಜ್ಜಿ. ಬಾಗಿಲು ತೆಗೆದು “ಅಲ್ಲೆಗ್ರಾ” ಅಂದರು. ನಮಸ್ಕಾರ ಅಂತ ಅರ್ಥ. ಇದು ಜರ್ಮನ್ ಅಲ್ಲ, ರೊಮಾನ್ಷ್. ಲ್ಯಾಟಿನ್ನಿನಿಂದ ಬಂದು ಈ ಬೆಟ್ಟಗಳ ನಡುವೆ ಉಳಿದುಕೊಂಡ ಭಾಷೆ. 1938ರಲ್ಲಿ ದೇಶದ ಜನ ಮತ ಹಾಕಿ ಇದನ್ನು ನಾಲ್ಕನೇ ರಾಷ್ಟ್ರೀಯ ಭಾಷೆ ಮಾಡಿದರು. ಇವತ್ತು ಇದನ್ನು ಮುಖ್ಯ ಭಾಷೆಯಾಗಿ ಆಡುವವರು ಇಡೀ ದೇಶದಲ್ಲಿ ಸುಮಾರು 40,000 ಮಂದಿ. ಸೇಂಟ್ ಮೊರಿಟ್ಸ್‌ಗೆ ಈ ಭಾಷೆಯಲ್ಲಿ ಸಾನ್ ಮುರೆಟ್ಸನ್ ಅಂತ ಹೆಸರು. ಹೋಟೆಲುಗಳು ಬಂದ ಹಾಗೆ ಕೆಲಸಕ್ಕೆ, ವ್ಯಾಪಾರಕ್ಕೆ ಜರ್ಮನ್ ಬೇಕಾಯಿತು. ಊರು ಬೆಳೆದ ಹಾಗೆ ಊರಿನ ಮಾತು ಮನೆಯೊಳಗೆ ಸರಿಯಿತು. ಸಮೇದನ್‌ನಲ್ಲಿ ಶಾಲೆ ಎರಡೂ ಭಾಷೆಯಲ್ಲಿ ನಡೆಯುತ್ತೆ, ಅಷ್ಟು ಸಮಾಧಾನ ಅಂದರು ಅಜ್ಜಿ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಬದುಕಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವರ ಮಗ ಕೆಲಸ ಮಾಡೋದು ಸೇಂಟ್ ಮೊರಿಟ್ಸ್‌ನಲ್ಲೇ, ಆದರೆ ಅಲ್ಲಿ ಮನೆ ಸಿಕ್ಕಿಲ್ಲ. ಕಣಿವೆಯಲ್ಲಿ ಮನೆಗಳಿಲ್ಲ ಅಂತಲ್ಲ. ವರ್ಷಕ್ಕೆ ಕೆಲವೇ ವಾರ ಬಾಗಿಲು ತೆರೆಯುವ ರಜಾ ಮನೆಗಳೇ ತುಂಬಿವೆ. ಸಂಜೆ ನಡೆಯುವಾಗ ಗಮನಿಸಿದೆ, ಸಾಲು ಸಾಲು ಕಿಟಕಿಗಳಲ್ಲಿ ದೀಪವೇ ಇಲ್ಲ. 2012ರಲ್ಲಿ ಸ್ವಿಸ್ ಜನ ಇದಕ್ಕೂ ಮತ ಹಾಕಿದರು: ಯಾವ ಊರಿನಲ್ಲೂ ಇಂಥ ಎರಡನೇ ಮನೆಗಳು ನೂರಕ್ಕೆ 20ನ್ನು ಮೀರಬಾರದು ಅಂತ. ಈ ಕಣಿವೆಯಲ್ಲಿ ಅಷ್ಟು ಹೊತ್ತಿಗೆ ಅದು ಎಷ್ಟೋ ಮೀರಿ ಹೋಗಿತ್ತು. ಸಕಲೇಶಪುರ, ಮಡಿಕೇರಿ, ಚಿಕ್ಕಮಗಳೂರಿನ ಕಡೆ ಜಾಗ ನೋಡುತ್ತಿರುವ ನಮ್ಮ ಸ್ನೇಹಿತರು ಒಮ್ಮೆ ಇಲ್ಲಿನ ಕತ್ತಲೆ ಕಿಟಕಿಗಳನ್ನೂ ನೋಡಬೇಕು.

ಅಜ್ಜಿ ಒಂದು ತುಂಡು ನಟ್ ಟಾರ್ಟ್ ಕೊಟ್ಟರು. ಸಕ್ಕರೆ ಪಾಕದಲ್ಲಿ ಅಕ್ರೋಟು ಹಾಕಿ, ಹಿಟ್ಟಿನ ಹೊದಿಕೆಯೊಳಗೆ ಬೇಯಿಸಿದ್ದು. ನಮ್ಮ ಹೋಳಿಗೆಯ ದೂರದ ನೆಂಟ. ಇದು ಎಂಗಡೀನ್‌ನ ಹೆಮ್ಮೆ, ಆದರೆ ಈ ಎತ್ತರದಲ್ಲಿ ಅಕ್ರೋಟಿನ ಮರ ಬೆಳೆಯೋದೇ ಇಲ್ಲ! ಹಿಂದೆ ಈ ಬಡ ಕಣಿವೆಯ ಹುಡುಗರು ಹೊಟ್ಟೆಪಾಡಿಗೆ ವೆನಿಸ್‌ಗೆ ಹೋಗಿ ಮಿಠಾಯಿ ಅಂಗಡಿ ಇಡುತ್ತಿದ್ದರು. 1766ರಲ್ಲಿ ಅಲ್ಲಿಂದ ಓಡಿಸಿದ ಮೇಲೆ ಯುರೋಪಿನ ಬೇರೆ ಬೇರೆ ಊರುಗಳಿಗೆ ಹೋದರು. ಈಗ ಅದೇ ಕಣಿವೆಯ ಹೋಟೆಲುಗಳಲ್ಲಿ ಪಾತ್ರೆ ತೊಳೆಯಲು, ಹಾಸಿಗೆ ಹಾಸಲು ಪೋರ್ಚುಗಲ್, ಇಟಲಿಯಿಂದ ಜನ ಬರುತ್ತಾರೆ.

ಅಮ್ಮ ಬದಲಿಗೆ ಒಂದು ಹಿಡಿ ಕೆಂಪಡಿಕೆ ಕೊಟ್ಟು, ಇದು ನಾವು ಬೆಳೆದದ್ದು ಅಂತ ಹೇಳು ಅಂದಳು. ಇದನ್ನು ಏನು ಮಾಡಬೇಕು ಅಂತ ಅಜ್ಜಿ ಕೇಳಿದ್ದಕ್ಕೆ ವಿವರಿಸಲು ನನಗೆ ಅರ್ಧ ಗಂಟೆ ಹಿಡಿಯಿತು.

ವರ್ಷ ಬರೆದ ಫಲಕಗಳು

ಮೂರನೇ ದಿನ ಬರ್ನೀನಾ ಮಾರ್ಗದ ರೈಲು ಹತ್ತಿ ಮೊರ್ಟೆರಾಚ್‌ಗೆ ಹೋದೆವು. ಚಿಕ್ಕ ಸ್ಟೇಷನ್, ಪಕ್ಕದಲ್ಲೊಂದು ಹೋಟೆಲ್, ಅಲ್ಲಿಂದ ಹಿಮನದಿಯ ಕಡೆಗೆ ಹೆಚ್ಚು ಏರಿಲ್ಲದ ಕಾಲುದಾರಿ. ಇದನ್ನು ಆರಿಸಿದ್ದೇ ಅಮ್ಮನ ಮೊಣಕಾಲಿಗೆ ಆಗುತ್ತೆ ಅಂತ.

ದಾರಿಯುದ್ದಕ್ಕೂ ಫಲಕಗಳಿವೆ. ಒಂದೊಂದರಲ್ಲೂ ಒಂದು ವರ್ಷ. ಆ ವರ್ಷ ಹಿಮನದಿಯ ತುದಿ ಇಲ್ಲಿತ್ತು ಅಂತ ಅರ್ಥ. ಇಲ್ಲಿ 1878ರಿಂದ ಅಳತೆ ಇಟ್ಟಿದ್ದಾರೆ. ಮೊದಲ ಫಲಕ ಸ್ಟೇಷನ್ನಿನ ಸಮೀಪವೇ ಸಿಗುತ್ತೆ. ನಡೆದೆವು. ಇನ್ನೊಂದು ಫಲಕ. ಮತ್ತೆ ನಡೆದೆವು. ಶುರುವಿನಲ್ಲಿ ಅಕ್ಕಪಕ್ಕ ಎತ್ತರದ ಮರಗಳಿದ್ದವು. ಮುಂದೆ ಹೋದ ಹಾಗೆ ಮರ ಗಿಡ್ಡವಾಗಿ, ಕೊನೆಗೆ ಹಿಮದಡಿ ಬರೀ ಕಲ್ಲು. ಐಸ್ ಬಿಟ್ಟುಕೊಟ್ಟ ಜಾಗದಲ್ಲಿ ಕಾಡು ಯಾವಾಗ ಬೇರೂರಿತು ಅನ್ನೋದನ್ನು ಮರದ ಎತ್ತರವೇ ಹೇಳುತ್ತಿತ್ತು. ಒಟ್ಟು ಸುಮಾರು ಮೂರು ಕಿಲೋಮೀಟರ್ ಹಿಂದೆ ಸರಿದಿದೆ ಈ ಹಿಮನದಿ. 2015ರ ಹೊತ್ತಿಗೆ ಅದಕ್ಕೆ ಬಂದು ಸೇರುತ್ತಿದ್ದ ಪರ್ಸ್ ಹಿಮನದಿಯೂ ಬೇರ್ಪಟ್ಟಿತು.

ಮೊರ್ಟೆರಾಚ್ ಹೆಸರಿಗೆ ಒಂದು ದಂತಕಥೆ ಇದೆ. ಅರಾಚ್ ಎಂಬ ಬಡ ಹುಡುಗನಿಗೂ ಶ್ರೀಮಂತರ ಮನೆಯ ಅನ್ನೆಟ್ಟಾಗೂ ಪ್ರೀತಿ. ಹುಡುಗಿಯ ಅಪ್ಪ ಒಪ್ಪಲಿಲ್ಲ. ಅವನು ದೂರದೇಶದ ಸೈನ್ಯ ಸೇರಿದ, ಅವಳು ಕೊರಗಿ ಸತ್ತಳು. ಅವಳ ಆತ್ಮ “ಅರಾಚ್ ಸತ್ತ” ಅಂತ ಗೋಳಿಡುತ್ತಾ ಮೇಲಿನ ಹುಲ್ಲುಗಾವಲಿನ ದನದ ಕೊಟ್ಟಿಗೆಗೆ ಬರುತ್ತಿತ್ತಂತೆ. ಹಳೆಯ ಗೊಲ್ಲ ಸುಮ್ಮನಿದ್ದ. ಹೊಸಬ ಓಡಿಸಿದ. ಅವಳು ಶಾಪ ಹಾಕಿದಳು, ಐಸ್ ಇಳಿದು ಬಂದು ಹುಲ್ಲುಗಾವಲನ್ನು ನುಂಗಿತು. ಆ ಕಾಲದ ಜನರ ಹೆದರಿಕೆ ಐಸ್ ಬೆಳೆಯುತ್ತದೆ ಎಂಬುದು. ಈಗಿನವರದ್ದು ಉಲ್ಟಾ.

ಒಂದು ಫಲಕದ ಹತ್ತಿರ ಅಮ್ಮ ಬೆಂಚಿನ ಹಿಮ ಒರೆಸಿ ಕೂತಳು. ಹಿಂದಿನ ಫಲಕದ ಕಡೆ ನೋಡಿದಳು, ಮುಂದಿನದರ ಕಡೆ ನೋಡಿದಳು.

“ನಮ್ಮನೆ ಬಾವಿಗೂ ಹೀಗೆ ಬರೆದಿಡಬೇಕಿತ್ತು” ಅಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ.

“ನೀನು ಹುಟ್ಟಿದ ವರ್ಷ ಏಪ್ರಿಲ್‌ನಲ್ಲಿ ಎಂಟು ಮೆಟ್ಟಿಲು ಇಳಿದ್ರೆ ನೀರು. ನೀನು ಕಾಲೇಜಿಗೆ ಹೋಗುವಾಗ ಹದಿನಾಲ್ಕು. ಅಪ್ಪ ಎರಡು ಸಲ ಕೆಳಗೆ ತೋಡಿಸಿ ರಿಂಗ್ ಇಳಿಸಿದ್ರು. ಹೋದ ವರ್ಷ ಮಾರ್ಚಿಗೇ ಮೋಟರ್ ಗಾಳಿ ಎಳೀತು. ನಿಂಗೆ ಫೋನಲ್ಲಿ ಹೇಳಿಲ್ಲ.”

ಮಾರ್ಚಿನಲ್ಲಿ ನಾನು ವಾರಕ್ಕೆ ಮೂರು ಸಲ ಫೋನ್ ಮಾಡಿದ್ದೆ. ಎಲ್ಲ ಆರಾಮ, ಮಳೆ ಬರೋ ಹಾಗಿದೆ ಅಂತಲೇ ಹೇಳಿದ್ದಳು. ತೋಟದ ಕೆಳಗಿನ ಸಾಲಿನ ಮರಗಳನ್ನು ಉಳಿಸಲು ನೆರೆಮನೆಯವರಿಂದ ಪೈಪ್ ಎಳೆಸಿಕೊಂಡದ್ದು, ಬೋರ್‌ವೆಲ್ ತೆಗೆಸೋದೋ ಬೇಡವೋ ಅಂತ ಅಪ್ಪನೂ ಅವಳೂ ಜಗಳವಾಡಿದ್ದು, ಎಲ್ಲ ಗೊತ್ತಾದದ್ದು ಈ ಬೆಂಚಿನ ಮೇಲೆ, ಫ್ಲಾಸ್ಕಿನ ಟೀ ಕುಡಿಯುತ್ತಾ. ಬೋರ್‌ವೆಲ್‌ನ ಖರ್ಚಿನ ಬಗ್ಗೆ ಮಾತಾಡಿದೆವು. ಅದಕ್ಕಿಂತ ಮೊದಲು ಮನೆಯ ಮೇಲಿನ ಗುಡ್ಡದಲ್ಲಿ ಇಂಗುಗುಂಡಿ ತೋಡಿಸೋದು, ಹಳೇ ಕೆರೆಯ ಹೂಳೆತ್ತಿಸೋದು ಅಂತ ತೀರ್ಮಾನವಾಯಿತು. ಆಲ್ಪ್ಸ್‌ನಲ್ಲಿ ಕೂತು ತೀರ್ಥಹಳ್ಳಿಯ ಕೆರೆಯ ಹೂಳಿನ ಲೆಕ್ಕ!

ವಿಚಿತ್ರ ಅಂದರೆ, ಇಲ್ಲಿಯವರೂ ನಮ್ಮ ದೇಶದಿಂದ ಒಂದು ಉಪಾಯ ತಂದಿದ್ದಾರೆ. ಲಡಾಖಿನ ಸೋನಮ್ ವಾಂಗ್ಚುಕ್ ಚಳಿಗಾಲದ ನೀರನ್ನು ಗೋಪುರದಂತೆ ಹೆಪ್ಪುಗಟ್ಟಿಸಿ, ಬೇಸಾಯದ ಹೊತ್ತಿಗೆ ಕರಗಿ ಸಿಗುವಂತೆ ಮಾಡಿದ ಐಸ್ ಸ್ತೂಪವನ್ನು ಪಕ್ಕದ ರೋಸೆಗ್ ಕಣಿವೆಯಲ್ಲೂ ಕಟ್ಟಿದ್ದರು.

ಹಿಮ ತಯಾರಿಸುವ ಯಂತ್ರ

ಸಂಜೆ ಬೆಟ್ಟದ ಇಳಿಜಾರಿನಲ್ಲಿ ಸಾಲಾಗಿ ನಿಂತ ಸ್ನೋ ಗನ್‌ಗಳು ಕಂಡವು. ನೀರನ್ನು ಸಣ್ಣ ಹನಿಯಾಗಿ ಗಾಳಿಗೆ ಎರಚುತ್ತವೆ, ಹನಿ ನೆಲ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟುತ್ತೆ. ಅದಕ್ಕೆ ಕೊಳದಲ್ಲಿ ನೀರು ಕೂಡಿಡಬೇಕು, ಕರೆಂಟ್ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ ಬೇಕು. ಯಂತ್ರ ಹಿಮ ಮಾಡಬಹುದು, ಚಳಿ ಮಾಡಲಾರದು.

ಹವೆ ಕೈಕೊಡೋದು ಇಲ್ಲಿ ಹೊಸತೇನಲ್ಲ. 1928ರ ಒಲಿಂಪಿಕ್ಸ್‌ನಲ್ಲಿ ಫಾನ್ ಎಂಬ ಬಿಸಿಗಾಳಿ ಬೀಸಿತು. 50 ಕಿಲೋಮೀಟರ್ ಸ್ಕೀ ಓಟ ಶುರುವಾದಾಗ ಸೊನ್ನೆ ಡಿಗ್ರಿಯ ಆಸುಪಾಸು, ಮಧ್ಯಾಹ್ನಕ್ಕೆ 25. ಐಸ್ ಕರಗಿ 10,000 ಮೀಟರ್ ಸ್ಕೇಟಿಂಗ್ ಸ್ಪರ್ಧೆಯನ್ನು ಅರ್ಧಕ್ಕೇ ಕೈಬಿಟ್ಟರು. 1948ರಲ್ಲಿ, ಮಹಾಯುದ್ಧದ ನಂತರದ ಮೊದಲ ಚಳಿಗಾಲದ ಒಲಿಂಪಿಕ್ಸ್ ಕೂಡ ಇಲ್ಲೇ ನಡೆಯಿತು. ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಬೆಚ್ಚನೆಯ ದಿನಗಳು ಈಗ ಪದೇ ಪದೇ ಬರುತ್ತಿವೆ, ವ್ಯತ್ಯಾಸ ಅಷ್ಟೇ. ಬಾಡ್ರುಟ್ ಬಿಸಿಲಿನ ಮೇಲೆ ಪಂದ್ಯ ಕಟ್ಟಿ ಗೆದ್ದ. ಅವನ ಊರು ಈಗ ಹಿಮದ ಮೇಲೆ ಪಂದ್ಯ ಕಟ್ಟಿ ಕೂತಿದೆ.

ಹೊರಡುವ ಹಿಂದಿನ ರಾತ್ರಿ ಅಜ್ಜಿ ಗೋಡೆಗೆ ನೇತು ಹಾಕಿದ್ದ ದೊಡ್ಡ ದನದ ಗಂಟೆ ತೋರಿಸಿದರು. ಮಾರ್ಚ್ 1ಕ್ಕೆ ಚಲಾಂಡಾಮಾರ್ಟ್ಸ್ ಎಂಬ ಹಬ್ಬ. ಮಕ್ಕಳು ಕೊರಳಿಗೆ, ಸೊಂಟಕ್ಕೆ ಗಂಟೆ ಕಟ್ಟಿಕೊಂಡು, ಹಾಡುತ್ತಾ ಬೀದಿ ಬೀದಿ ಸುತ್ತಿ ಚಳಿಗಾಲವನ್ನು ಊರಿಂದ ಓಡಿಸುತ್ತಾರೆ. “ನಾವು ಚಿಕ್ಕವರಿದ್ದಾಗ ಅದು ಹೋಗಲಿ ಅಂತ ಮನಸ್ಸಿನಿಂದಲೇ ಬಡಿಯುತ್ತಿದ್ದೆವು” ಅಂದರು. “ಈಗ ಮೊಮ್ಮಗನಿಗೆ ಸ್ವಲ್ಪ ಮೆಲ್ಲಗೆ ಬಡಿ ಅಂತೀನಿ.”

“ಗ್ರಾತ್ಸ್ಯಾ ಫಿಚ್” ಅಂದಳು ಅಮ್ಮ. ತುಂಬಾ ಧನ್ಯವಾದ ಅಂತ. ಎರಡು ದಿನದಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದಳು.

ವಾಪಸು ರೈಲಿನಲ್ಲಿ ಶಿವಮೊಗ್ಗದ ಚಿಕ್ಕಮ್ಮನಿಗೆ ಫೋನ್. ಹಿಮ, ಕುದುರೆ, ಟೀ ರೇಟು ಎಲ್ಲ ಆಯಿತು. ಕೊನೆಗೆ ಹೇಳಿದಳು, “ಸಾಹುಕಾರರ ಊರು ಅಂತ ಹೋದ್ರೆ, ಅಲ್ಲಿಯವರೂ ನಮ್ಮ ಹಾಗೇ ಆಕಾಶ ನೋಡ್ಕೊಂಡು ಕೂತಿದಾರೆ ಮಾರಾಯ್ತಿ. ನಾವು ಮಳೆಗೆ, ಅವರು ಹಿಮಕ್ಕೆ.”

ಹೋಗುವವರಿಗೆ ನಾಲ್ಕು ಮಾತು

ಉಳಿಯಲು ಸಮೇದನ್, ಚೆಲೆರೀನಾ, ಪಾಂಟ್ರೆಸೀನಾ ಹಳ್ಳಿಗಳನ್ನೂ ನೋಡಿ. ರೈಲು, ಬಸ್ಸು ಚೆನ್ನಾಗಿದೆ, ಕಾರು ಬೇಡವೇ ಬೇಡ. ದೊಡ್ಡ ಗಾಜಿನ ಕಿಟಕಿಯ ಬರ್ನೀನಾ ಎಕ್ಸ್‌ಪ್ರೆಸ್‌ಗೆ ಸೀಟು ಕಾಯ್ದಿರಿಸಬೇಕು. ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ರೈಲಿಗೆ ಅದರ ಗೊಡವೆ ಇಲ್ಲ.

ರಾತ್ರಿ ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯೋದು ಇಲ್ಲಿ ಮಾಮೂಲು. ಒಂದು ದಪ್ಪ ಕೋಟಿಗಿಂತ ತೆಳುವಾದ ಮೂರು ಪದರ ವಾಸಿ. ತಂಪು ಕನ್ನಡಕ, ಸನ್‌ಸ್ಕ್ರೀನ್ ಮರೆಯಬೇಡಿ, ಹಿಮದ ಮೇಲಿನ ಬಿಸಿಲೂ ಕೆಟ್ಟದು. ಹಿರಿಯರ ಶೂಗೆ ಕಟ್ಟುವ ಮುಳ್ಳಿನ ಪಟ್ಟಿ ಕೊಳ್ಳಿ.

ಸಸ್ಯಾಹಾರಿಗಳೇ, ಬಾರ್ಲಿ ಸೂಪ್ ಅಂದ ತಕ್ಷಣ ಹೂಂ ಅನ್ನಬೇಡಿ, ಅದರಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತೆ. ಆಲೂಗಡ್ಡೆಯ ರೋಸ್ಟಿಯನ್ನು ಮಾಂಸ ಬೇಡ ಅಂತ ಹೇಳಿ ತರಿಸಿಕೊಳ್ಳಿ. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ.

ಜಾರಲೇಬೇಕು ಅನ್ನಿಸಿದರೆ, ಪ್ರೇದಾದಿಂದ ಬೆರ್ಗ್ಯೂನ್‌ಗೆ ಚಳಿಗಾಲದಲ್ಲಿ ಮುಚ್ಚುವ ಘಾಟಿ ರಸ್ತೆಯೇ ಸುಮಾರು ಆರು ಕಿಲೋಮೀಟರ್‌ನ ಜಾರುಬಂಡಿ ದಾರಿ. ಬಂಡಿ ಬಾಡಿಗೆಗೆ ಸಿಗುತ್ತೆ, ಮೇಲಕ್ಕೆ ರೈಲು ಕರೆದೊಯ್ಯುತ್ತೆ.

ಮತ್ತೆ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಒಂದು ದಿನ ಏನೂ ಬುಕ್ ಮಾಡದೆ ಖಾಲಿ ಬಿಡಿ. ಮೊರ್ಟೆರಾಚ್‌ನ ದಾರಿಯಲ್ಲಿ ಬೆಂಚುಗಳಿವೆ, ಅವಸರ ಮಾಡುವವರಿಲ್ಲ. ಫೋನಿನಲ್ಲಿ ಹೇಳದ ಮಾತು ಅಲ್ಲಿ ಬರಬಹುದು.